ತೂಕ ಇಳಿಯುವವರೆಗೆ ಗರ್ಭನಿರೋಧಕ ಕಾಯಬೇಕೇ?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನ ರಾಜಾಜಿನಗರದಲ್ಲಿದ್ದೇವೆ. ಎತ್ತರ 158 ಸೆಂ.ಮೀ., ತೂಕ 92 ಕೆ.ಜಿ. ಐದು ವರ್ಷದ ಮಗನಿದ್ದಾನೆ, ಸಿಸೇರಿಯನ್ ಹೆರಿಗೆ. ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇರುವುದರಿಂದ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಶುಗರ್ ಗಡಿಯಲ್ಲಿದೆ ಎಂದಿದ್ದಾರೆ, ಬಿ.ಪಿ. ಒಮ್ಮೆ 146/92 ಬಂದಿತ್ತು. ಕಳೆದ ತಿಂಗಳಿನಿಂದ ತೂಕ ಇಳಿಸಲು ವೈದ್ಯರ ಸಲಹೆಯಂತೆ ವಾರಕ್ಕೊಂದು ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಇನ್ನೊಂದು ಮಗು ಬೇಡ. ಒಂದು ಕ್ಲಿನಿಕ್ಕಿನಲ್ಲಿ ಗರ್ಭನಿರೋಧಕದ ಬಗ್ಗೆ ಕೇಳಿದಾಗ ‘ಮೊದಲು ತೂಕ ಇಳಿಸಿಕೊಂಡು ಬನ್ನಿ’ ಎಂದು ಕಳುಹಿಸಿದರು. ಇನ್ನೊಂದು ಕಡೆ ಮುಟ್ಟು ಸರಿಯಾಗಲೆಂದು ಮಾತ್ರೆ ಬರೆದುಕೊಟ್ಟರು, ಆದರೆ ಅದರಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ನರ್ಸ್ ಆಗಿರುವ ನನ್ನ ಅಕ್ಕ ಹೇಳಿದ್ದರಿಂದ ಶುರು ಮಾಡಿಲ್ಲ. ದಪ್ಪಗಿರುವವರಿಗೆ ವಂಕಿ (ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿಯಂಥ ಸಾಧನ) ನಿಲ್ಲುವುದಿಲ್ಲ ಎನ್ನುತ್ತಾರೆ ಅತ್ತೆ. ಈ ನಡುವೆ ಮೂರು ತಿಂಗಳಲ್ಲಿ ಎರಡು ಸಲ ತುರ್ತು ಮಾತ್ರೆ ನುಂಗಿದ್ದೇನೆ. ನನಗೆ ಯಾವುದು ಸುರಕ್ಷಿತ?

ಉತ್ತರ: ನಿಮಗೆ ಹೇಳಿದ ‘ಮೊದಲು ತೂಕ, ಆಮೇಲೆ ಗರ್ಭನಿರೋಧಕ’ ಎಂಬ ಕ್ರಮ ತಲೆಕೆಳಗಾದದ್ದು. ಪಿಸಿಒಎಸ್ ಇರುವವರಲ್ಲಿ ದೇಹತೂಕದ ಶೇ. 5ರಿಂದ 10ರಷ್ಟು ಇಳಿದರೂ ನಿಂತುಹೋಗಿದ್ದ ಅಂಡಬಿಡುಗಡೆ ಮತ್ತೆ ಆರಂಭವಾಗಬಹುದು. ನಿಮ್ಮ ಲೆಕ್ಕದಲ್ಲಿ ಅದು ಐದರಿಂದ ಒಂಬತ್ತು ಕೆ.ಜಿ., ಅಂದರೆ ಈಗ ತೆಗೆದುಕೊಳ್ಳುತ್ತಿರುವ ಔಷಧಿಯಿಂದ ಕೆಲವೇ ತಿಂಗಳಲ್ಲಿ ಆಗಬಹುದಾದ ಇಳಿಕೆ. ತೂಕ ಇಳಿಯುವ ಕಾಲವೇ ಬೇಡದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವ ಕಾಲವೂ ಹೌದು. ಮುಟ್ಟು ಸರಿಯಾಗಿ ಬರುವುದಿಲ್ಲವಾದ್ದರಿಂದ ಗರ್ಭ ನಿಲ್ಲಲಾರದು ಎಂದು ನಂಬಿ, ನಾಲ್ಕನೇ ತಿಂಗಳಿನಲ್ಲಿ ಸ್ಕ್ಯಾನ್‌ಗೆ ಬಂದು ಪರದೆಯ ಮೇಲೆ ಮಗುವಿನ ಕೈಕಾಲು ಕಂಡು ಬೆರಗಾದವರನ್ನು ನಾನು ಹಲವು ಬಾರಿ ನೋಡಿದ್ದೇನೆ. ಪಿಸಿಒಎಸ್‌ನಲ್ಲಿ ಅಂಡ ಯಾವಾಗ ಬಿಡುಗಡೆಯಾಗುತ್ತದೆ ಎಂದು ಹೇಳಲಾಗುವುದಿಲ್ಲ, ಆಗುವುದೇ ಇಲ್ಲ ಎಂದಲ್ಲ.

ನಿಮ್ಮ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸುಮಾರು 37. ನಮ್ಮ ದೇಶದ ವೈದ್ಯರು ಬಿ.ಎಂ.ಐ. 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ, ಆದರೆ ಗರ್ಭನಿರೋಧಕಗಳ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಗಳು 30 ಮತ್ತು 35ರ ಗೆರೆಗಳನ್ನು ಬಳಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿಯೊಂದು ವಿಧಾನಕ್ಕೂ ನಾಲ್ಕು ದರ್ಜೆಗಳನ್ನು ಇಟ್ಟಿದೆ. ಒಂದನೇ ದರ್ಜೆಯೆಂದರೆ ಯಾವ ಅಡ್ಡಿಯೂ ಇಲ್ಲ, ಎರಡೆಂದರೆ ಸಾಮಾನ್ಯವಾಗಿ ಲಾಭವೇ ಹೆಚ್ಚು, ಮೂರೆಂದರೆ ಸಾಮಾನ್ಯವಾಗಿ ಅಪಾಯವೇ ಹೆಚ್ಚು, ನಾಲ್ಕೆಂದರೆ ಬಳಸಲೇಬಾರದು. ಬಿ.ಎಂ.ಐ. 30 ದಾಟಿದ ವಯಸ್ಕ ಹೆಂಗಸರಿಗೆ ತಾಮ್ರದ ವಂಕಿ, ಹಾರ್ಮೋನು ವಂಕಿ, ತೋಳಿನಲ್ಲಿ ಕೂರಿಸುವ ಇಂಪ್ಲಾಂಟ್, ಪ್ರೊಜೆಸ್ಟೋಜನ್ ಹಾರ್ಮೋನು ಮಾತ್ರ ಇರುವ ಮಾತ್ರೆ, ಮೂರು ತಿಂಗಳ ಇಂಜೆಕ್ಷನ್ ಇವೆಲ್ಲವೂ ಒಂದನೇ ದರ್ಜೆಯಲ್ಲಿವೆ. ಈಸ್ಟ್ರೋಜನ್ ಹಾರ್ಮೋನೂ ಬೆರೆತ ಸಂಯುಕ್ತ ಮಾತ್ರೆ ಮಾತ್ರ ಎರಡನೆಯದರಲ್ಲಿದೆ. ಬರೀ ತೂಕದ ಕಾರಣಕ್ಕೆ ನಿಮ್ಮನ್ನು ಬರಿಗೈಯಲ್ಲಿ ಕಳುಹಿಸಲು ಈ ಪಟ್ಟಿಯಲ್ಲಿ ಯಾವ ಆಧಾರವೂ ಇಲ್ಲ.

ಆದರೆ ನಿಮ್ಮ ವಿಷಯದಲ್ಲಿ ಇರುವುದು ಬರೀ ತೂಕವಲ್ಲ. ಅಕ್ಕ ಹೇಳಿದ ಮಾತಿಗೆ ಇಲ್ಲಿ ತೂಕವಿದೆ. ಸಂಯುಕ್ತ ಮಾತ್ರೆಯಲ್ಲಿನ ಈಸ್ಟ್ರೋಜನ್, ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳು ಯಕೃತ್ತಿನಲ್ಲಿ ಹೆಚ್ಚು ತಯಾರಾಗುವಂತೆ ಮಾಡುತ್ತದೆ. ಬೊಜ್ಜು ತಾನೇ ಸ್ವತಂತ್ರವಾಗಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವನ್ನು ಸುಮಾರು ಎರಡು ಪಟ್ಟಾಗಿಸುತ್ತದೆ, ಮಾತ್ರೆಯೂ ಸೇರಿದರೆ ಒಂದರ ಮೇಲೊಂದು ಕೂಡುತ್ತದೆ. ಹೆದರಿಕೆಯ ಅಳತೆ ತಪ್ಪದಿರಲೆಂದು ಅಂಕಿಗಳನ್ನೂ ಹೇಳುತ್ತೇನೆ. ಮಾತ್ರೆ ನುಂಗದ, ಗರ್ಭಿಣಿಯಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಒಂದರಿಂದ ಐದು ಮಂದಿಗೆ ಹೀಗೆ ಹೆಪ್ಪುಗಟ್ಟುತ್ತದೆ, ಸಂಯುಕ್ತ ಮಾತ್ರೆ ನುಂಗುವವರಲ್ಲಿ ಮೂರರಿಂದ ಒಂಬತ್ತು ಮಂದಿಗೆ. ಗರ್ಭಿಣಿಯರಲ್ಲಿ ಅದು ಐದರಿಂದ 20, ಹೆರಿಗೆಯಾದ ಮೊದಲ 12 ವಾರಗಳ ಬಾಣಂತಿಯರಲ್ಲಿ 40ರಿಂದ 65. ಮಾತ್ರೆಯ ಅಪಾಯಕ್ಕೆ ಹೆದರಿ ಏನನ್ನೂ ಬಳಸದೆ ಬಸಿರಾದರೆ ಹೆಚ್ಚಿನ ಅಪಾಯಕ್ಕೇ ಹೋಗಿ ಬಿದ್ದಂತಾಗುತ್ತದೆ ಎಂಬುದನ್ನು ಈ ಕೊನೆಯ ಎರಡು ಅಂಕಿಗಳು ತೋರಿಸುತ್ತವೆ. ಜೊತೆಗೆ, ತೂಕ ಹೆಚ್ಚಿದ್ದಾಗ ಬರುವ ಬಸಿರಿನಲ್ಲಿ ಶುಗರ್, ಬಿ.ಪಿ., ಸಿಸೇರಿಯನ್ ಗಾಯದ ಸೋಂಕು ಇವೆಲ್ಲವೂ ಹೆಚ್ಚು.

ಹಾಗಿದ್ದರೂ ಸಂಯುಕ್ತ ಮಾತ್ರೆಯನ್ನು ನಿಮಗೆ ನಾನು ಬರೆದುಕೊಡುವುದಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಬಿ.ಎಂ.ಐ. 35 ದಾಟಿದವರಿಗೆ ಅದನ್ನು ಮೂರನೇ ದರ್ಜೆಗೆ ಇಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಬಿ.ಪಿ. 140/90 ದಾಟಿದರೆ ಅದು ಮೂರನೇ ದರ್ಜೆಯೇ, 160/100 ತಲುಪಿದರೆ ನಾಲ್ಕು. ಇನ್ನೊಂದು ಮಾತನ್ನೂ ಗಮನಿಸಿ. ಪಿಸಿಒಎಸ್‌ಗೆಂದು ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಮಾತ್ರೆಗಳಲ್ಲಿ ಈಸ್ಟ್ರೋಜನ್ ಜೊತೆ ಸೈಪ್ರೊಟೆರೋನ್ ಅಥವಾ ಡ್ರೊಸ್ಪೈರೆನೋನ್ ಎಂಬ ಪ್ರೊಜೆಸ್ಟೋಜನ್ ಇರುತ್ತದೆ. ಮೊಡವೆ, ಮುಖದ ಕೂದಲಿಗೆ ಅವು ಒಳ್ಳೆಯವೇ, ಆದರೆ ಹೆಪ್ಪುಗಟ್ಟುವ ಅಪಾಯ ಲೆವೊನಾರ್ಜೆಸ್ಟ್ರಲ್ ಇರುವ ಹಳೆಯ ಮಾತ್ರೆಗಳಿಗಿಂತ ಅವುಗಳಲ್ಲಿ ಹೆಚ್ಚು. ಸರ್ಕಾರ ಉಚಿತವಾಗಿ ಹಂಚುವ ಮಾಲಾ-ಎನ್‌ನಲ್ಲಿ ಇರುವುದು ಆ ಹಳೆಯ ಲೆವೊನಾರ್ಜೆಸ್ಟ್ರಲ್. ಬೆಲೆ ಹೆಚ್ಚಿದ್ದಷ್ಟೂ ಮಾತ್ರೆ ಸುರಕ್ಷಿತ ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ನಿಮಗೆ ಬರೆದುಕೊಟ್ಟ ಚೀಟಿಯಲ್ಲಿ ಸೈಪ್ರೊಟೆರೋನ್ ಅಥವಾ ಡ್ರೊಸ್ಪೈರೆನೋನ್ ಎಂದಿದ್ದರೆ ಮಾತ್ರೆ ಶುರು ಮಾಡದೆ ಉಳಿದದ್ದು ಒಳ್ಳೆಯದೇ ಆಯಿತು.

ಆ 146/92ರ ಬಗ್ಗೆ ಒಂದು ಅನುಮಾನವಿದೆ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಬಿ.ಪಿ. ಯಂತ್ರಕ್ಕೆ ಒಂದೇ ಅಳತೆಯ ಪಟ್ಟಿ ಇರುತ್ತದೆ. ದಪ್ಪ ತೋಳಿಗೆ ಅದನ್ನು ಸುತ್ತಿದರೆ ತುದಿಗಳು ಕಷ್ಟದಿಂದ ಕೂಡುತ್ತವೆ, ಗಾಳಿ ತುಂಬುತ್ತಿದ್ದ ಹಾಗೆ ಚರಚರನೆ ಬಿಚ್ಚಿಕೊಳ್ಳುತ್ತದೆ, ಸಿಸ್ಟರ್ ಅದನ್ನು ಕೈಯಲ್ಲಿ ಒತ್ತಿ ಹಿಡಿದು ಅಳೆಯುತ್ತಾರೆ. ಹೀಗೆ ಬಂದ ಅಂಕಿ ನಿಜಕ್ಕಿಂತ ಹೆಚ್ಚಿರುತ್ತದೆ. ನನ್ನಲ್ಲಿಗೆ 150/96 ಎಂಬ ಚೀಟಿ ಹಿಡಿದು ಬಂದಿದ್ದ ಒಬ್ಬರಿಗೆ ಹತ್ತು ನಿಮಿಷ ಕೂರಿಸಿ, ದೊಡ್ಡ ಪಟ್ಟಿ ಸುತ್ತಿ ಅಳೆದಾಗ 132/84 ಇತ್ತು. ನಿಮ್ಮದೂ ಹಾಗೆಯೇ ಇರಬಹುದು, ಇಲ್ಲದೆಯೂ ಇರಬಹುದು. ತೋಳಿನ ಸುತ್ತಳತೆ 32 ಸೆಂ.ಮೀ. ದಾಟಿದ್ದರೆ ದೊಡ್ಡ ಪಟ್ಟಿಯನ್ನೇ ಕೇಳಿ, ಬೇರೆ ಬೇರೆ ದಿನ ಎರಡು ಮೂರು ಬಾರಿ ಅಳೆಯಿಸಿ. ಬಿ.ಪಿ. ಸರಿಯಿದೆ ಎಂದಾದರೂ ಬಿ.ಎಂ.ಐ. 37, ಗಡಿಯಲ್ಲಿರುವ ಶುಗರ್, 35ರ ಹೊಸ್ತಿಲಲ್ಲಿರುವ ವಯಸ್ಸು ಒಟ್ಟಾಗಿರುವಾಗ ಈಸ್ಟ್ರೋಜನ್ ಕುರಿತ ನನ್ನ ತೀರ್ಮಾನ ಬದಲಾಗುವುದಿಲ್ಲ.

ಮಾತ್ರೆ ಬೇಡವೆನ್ನಲು ಇನ್ನೊಂದು ಕಾರಣ ನಿಮ್ಮ ಇಂಜೆಕ್ಷನ್. 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಅದರಿಂದ ಬಾಯಿಯ ಮೂಲಕ ನುಂಗಿದ ಗರ್ಭನಿರೋಧಕ ಮಾತ್ರೆ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಆರಂಭಿಸಿದ ನಂತರ ನಾಲ್ಕು ವಾರ, ಪ್ರತಿ ಬಾರಿ ಡೋಸ್ ಏರಿಸಿದ ನಂತರ ಮತ್ತೆ ನಾಲ್ಕು ವಾರ, ಮಾತ್ರೆಯ ಜೊತೆಗೆ ಕಾಂಡೋಮ್ ಬಳಸಬೇಕು ಅಥವಾ ಬಾಯಿಯ ಮೂಲಕ ಅಲ್ಲದ ವಿಧಾನಕ್ಕೆ ಬದಲಾಗಬೇಕು ಎಂಬುದು ತಯಾರಕರದೇ ಸೂಚನೆ. ಡೋಸನ್ನು 2.5 ಮಿ.ಗ್ರಾಂ.ನಿಂದ ಶುರು ಮಾಡಿ ನಾಲ್ಕು ವಾರಗಳ ನಂತರ ಐದಕ್ಕೆ, ಬೇಕಾದರೆ ಮತ್ತೆ ನಾಲ್ಕು ವಾರಗಳಿಗೊಮ್ಮೆ ಮೇಲಕ್ಕೆ ಏರಿಸುತ್ತಾರಾದ್ದರಿಂದ ಈ ‘ನಾಲ್ಕು ವಾರ’ಗಳು ಒಂದಕ್ಕೊಂದು ಅಂಟಿಕೊಂಡು ಹಲವು ತಿಂಗಳಾಗುತ್ತವೆ. ವಂಕಿ, ಇಂಪ್ಲಾಂಟ್, ಗರ್ಭನಿರೋಧಕ ಇಂಜೆಕ್ಷನ್ ಇವುಗಳಿಗೆ ಈ ತೊಂದರೆ ಇಲ್ಲ. ತೂಕ ಇಳಿಸುವ ಇನ್ನೊಂದು ಔಷಧಿ ಸೆಮಾಗ್ಲುಟೈಡ್‌ನಲ್ಲಿ ಮಾತ್ರೆಯ ಹೀರುವಿಕೆ ಗಮನಾರ್ಹವಾಗಿ ತಗ್ಗುವುದು ಕಂಡುಬಂದಿಲ್ಲ, ಆದರೆ ಅದರಿಂದ ವಾಂತಿ, ಭೇದಿ ಆಗುವವರಲ್ಲಿ ಯಾವ ಮಾತ್ರೆಯನ್ನೂ ನೆಚ್ಚುವಂತಿಲ್ಲ. ಈ ಔಷಧಿಗಳನ್ನು ಬಸಿರಿನಲ್ಲಿ ಬಳಸಬಾರದು. ಮುಂದೆ ಮಗು ಬೇಕೆನಿಸಿದಾಗ ಟಿರ್ಜೆಪಟೈಡನ್ನು ಕನಿಷ್ಠ ಒಂದು ತಿಂಗಳು, ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕಾಗುತ್ತದೆ. ತೂಕದ ಇಂಜೆಕ್ಷನ್ ಬರೆದುಕೊಡುವವರು ಗರ್ಭನಿರೋಧಕದ ಮಾತನ್ನೂ ಅದೇ ದಿನ ಆಡಬೇಕಿತ್ತು ಎಂಬುದು ನನ್ನ ಅಸಮಾಧಾನ.

ತುರ್ತು ಮಾತ್ರೆಯ ವಿಷಯದಲ್ಲಿ ನೀವು ಅದೃಷ್ಟವಂತರು ಎಂದಷ್ಟೇ ಹೇಳಬಲ್ಲೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಐ-ಪಿಲ್, ಅನ್‌ವಾಂಟೆಡ್-72 ಇವುಗಳಲ್ಲಿ ಇರುವುದು 1.5 ಮಿ.ಗ್ರಾಂ. ಲೆವೊನಾರ್ಜೆಸ್ಟ್ರಲ್. ಅದು ಅಂಡಬಿಡುಗಡೆಯನ್ನು ಮುಂದೂಡುತ್ತದೆ, ಅಂಡ ಆಗಲೇ ಹೊರಬಂದಿದ್ದರೆ ಪ್ರಯೋಜನವಿಲ್ಲ. ತೂಕ 70 ಕೆ.ಜಿ. ಅಥವಾ ಬಿ.ಎಂ.ಐ. 26 ದಾಟಿದವರಲ್ಲಿ ಅದರ ಪರಿಣಾಮ ತಗ್ಗಬಹುದು. ಅಂಥವರು, ಬೇರೆ ದಾರಿ ಇಲ್ಲದಿದ್ದರೆ, ಎರಡು ಮಾತ್ರೆ ನುಂಗಬಹುದೆಂದು ಬ್ರಿಟನ್ನಿನ ತಜ್ಞರು ಸೂಚಿಸಿದ್ದಾರಾದರೂ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎರಡು ಪಟ್ಟು ಡೋಸ್‌ನಿಂದ ಹೆಚ್ಚಿನ ಫಲ ಕಾಣಲಿಲ್ಲ. ತೂಕ ಎಷ್ಟೇ ಇರಲಿ, ರಕ್ಷಣೆಯಿಲ್ಲದೆ ಸೇರಿದ ಐದು ದಿನಗಳ ಒಳಗೆ ತಾಮ್ರದ ವಂಕಿ ಹಾಕಿಸಿಕೊಂಡರೆ ನೂರರಲ್ಲಿ 99ಕ್ಕೂ ಹೆಚ್ಚು ಬಾರಿ ಗರ್ಭ ನಿಲ್ಲುವುದಿಲ್ಲ. ಎರಡನೆಯ ಸಲ ಮಾತ್ರೆ ನುಂಗಿ ಎಷ್ಟು ದಿನವಾಯಿತು ಎಂದು ನೀವು ಬರೆದಿಲ್ಲ. ಮೂರು ವಾರ ಕಳೆದಿದ್ದರೆ ಇಂದೇ ಮೂತ್ರ ಪರೀಕ್ಷೆ ಮಾಡಿಕೊಳ್ಳಿ, ಮುಟ್ಟಿಗಾಗಿ ಕಾಯಬೇಡಿ.

ಈಗ ವಂಕಿಯ ಮಾತು. ಅತ್ತೆಯವರ ಕಾಲದಲ್ಲಿ ಹಾಗೆ ಕೇಳಿರಬಹುದು, ಆದರೆ ವಂಕಿ ಕೂರುವುದು ಗರ್ಭಕೋಶದೊಳಗೆ. ಹೊಟ್ಟೆಯ ಕೊಬ್ಬು ಎಷ್ಟೇ ಇದ್ದರೂ ಗರ್ಭಕೋಶದೊಳಗಿನ ಜಾಗ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂಬುದನ್ನು ಅದು ನೆಚ್ಚಿಕೊಂಡಿಲ್ಲವಾದ್ದರಿಂದ ತೂಕ ಹೆಚ್ಚಿದ್ದರೆ ಕೆಲಸ ಕುಂದುವ ಪ್ರಶ್ನೆಯೂ ಇಲ್ಲ. ನಿತ್ಯಬಳಕೆಯಲ್ಲಿ ಕಾಂಡೋಮ್ ಬಳಸುವ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 13 ಮಂದಿಗೆ, ಮಾತ್ರೆ ನುಂಗುವ ನೂರರಲ್ಲಿ ಏಳು ಮಂದಿಗೆ ಗರ್ಭ ನಿಲ್ಲುತ್ತದೆ. ವಂಕಿಯಲ್ಲಿ ಈ ಸಂಖ್ಯೆ ಒಂದನ್ನೂ ಮುಟ್ಟುವುದಿಲ್ಲ.

ಎರಡು ಬಗೆಯ ವಂಕಿಗಳಲ್ಲಿ ನಿಮಗೆ ಯಾವುದು ಎಂಬ ನನ್ನ ತೀರ್ಮಾನಕ್ಕೆ ಕಾರಣ ನಿಮ್ಮ ತೂಕಕ್ಕಿಂತ ಹೆಚ್ಚಾಗಿ ನಿಮ್ಮ ಮುಟ್ಟು. ಅಂಡಬಿಡುಗಡೆಯಾಗದ ತಿಂಗಳುಗಳಲ್ಲಿ, ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟರೋನ್ ಹಾರ್ಮೋನು ಹುಟ್ಟುವುದಿಲ್ಲ. ಇತ್ತ ಕೊಬ್ಬಿನ ಅಂಗಾಂಶ ತಾನೇ ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ತಡೆಯುವವರಿಲ್ಲದೆ ಗರ್ಭಕೋಶದ ಒಳಪದರ ಬೆಳೆದು ದಪ್ಪವಾಗುತ್ತಾ ಹೋಗುತ್ತದೆ, ವರ್ಷಗಟ್ಟಲೆ ಹೀಗಾದರೆ ಅದು ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ಬೊಜ್ಜು ಇರುವ ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ ಕಾಣುವುದಕ್ಕೆ ಮುಖ್ಯ ಕಾರಣವೇ ಇದು. ತಾಮ್ರದ ವಂಕಿ ಗರ್ಭ ನಿಲ್ಲದಂತೆ ನೋಡಿಕೊಳ್ಳುತ್ತದೆ, ಒಳಪದರ ದಪ್ಪವಾಗುವುದನ್ನು ತಡೆಯುವುದಿಲ್ಲ. ಅದನ್ನು ಹಾಕಿಸಿಕೊಂಡರೆ ಕನಿಷ್ಠ ಮೂರು ತಿಂಗಳಿಗೊಮ್ಮೆ ಪ್ರೊಜೆಸ್ಟೋಜನ್ ಮಾತ್ರೆ ನುಂಗಿ ಮುಟ್ಟು ಬರಿಸುವ ಕೆಲಸ ನಿಮಗೆ ಉಳಿದೇ ಇರುತ್ತದೆ. ಲೆವೊನಾರ್ಜೆಸ್ಟ್ರಲ್ 52 ಮಿ.ಗ್ರಾಂ. ಇರುವ ಹಾರ್ಮೋನು ವಂಕಿ ಅದೇ ಜಾಗದಲ್ಲಿ ಕುಳಿತು ದಿನವೂ ಅತ್ಯಲ್ಪ ಪ್ರಮಾಣದ ಔಷಧಿಯನ್ನು ಒಳಪದರಕ್ಕೇ ಉಣಿಸಿ ಅದನ್ನು ತೆಳುವಾಗಿಡುತ್ತದೆ. ಒಳಪದರ ಆಗಲೇ ದಪ್ಪವಾದವರಿಗೆ ಇದನ್ನೇ ಚಿಕಿತ್ಸೆಯಾಗಿಯೂ ಬಳಸುತ್ತೇವೆ. ಆದ್ದರಿಂದ ನಿಮಗೆ ನನ್ನ ಮೊದಲ ಆಯ್ಕೆ ಹಾರ್ಮೋನು ವಂಕಿ, ಎರಡನೆಯದು ತಾಮ್ರದ ವಂಕಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದು ತಾಮ್ರದ್ದು, 380ಎ ಎಂಬುದು ಹತ್ತು ವರ್ಷ, 375 ಎಂಬುದು ಐದು ವರ್ಷ ಬಾಳುತ್ತದೆ. ಹಾರ್ಮೋನಿನದಕ್ಕೆ ಹೆಚ್ಚಾಗಿ ಕೈಯಿಂದ ಹಣ ಕೊಡಬೇಕಾಗುತ್ತದೆ, ಕನಿಷ್ಠ ಐದು ವರ್ಷ ಬರುತ್ತದೆ.

ಹಾರ್ಮೋನು ವಂಕಿ ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಆಗಾಗ ರಕ್ತದ ಕಲೆ ಕಾಣಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ಎರಡನೇ ತಿಂಗಳಿಗೇ ತೆಗೆಸಿಕೊಂಡುಬಿಡುತ್ತಾರೆ. ಆಮೇಲೆ ಸ್ರಾವ ತಗ್ಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ‘ಕೆಟ್ಟ ರಕ್ತ ಒಳಗೇ ಉಳಿಯುತ್ತದೆಯಲ್ಲ’ ಎಂದು ಕೇಳದ ಅತ್ತೆಯರಿಲ್ಲ. ವಂಕಿ ಇಲ್ಲದೆ ಪಿಸಿಒಎಸ್‌ನಿಂದ ಮುಟ್ಟು ನಿಂತಾಗ ಒಳಗೆ ಪದರ ಬೆಳೆಯುತ್ತಿರುತ್ತದೆ, ಆ ಹೆದರಿಕೆ ನ್ಯಾಯವಾದದ್ದು. ಹಾರ್ಮೋನು ವಂಕಿಯಿಂದ ನಿಂತಾಗ ಒಳಗೆ ಬೆಳೆದದ್ದೇ ಇರುವುದಿಲ್ಲ. ಬೆಳೆಯೇ ಇಲ್ಲದ ಹೊಲದಲ್ಲಿ ಕೊಯ್ಲು ಎಲ್ಲಿಂದ ಬರಬೇಕು?

ಹಾಕುವವರಿಗೆ ಕಷ್ಟ ಆಗಬಹುದು ಎಂಬುದು ಮಾತ್ರ ನಿಜ. ತೊಡೆ, ಯೋನಿಯ ಪಕ್ಕದ ಭಾಗಗಳು ಒತ್ತಿಬರುವುದರಿಂದ ಗರ್ಭಕಂಠ ಸುಲಭವಾಗಿ ಕಾಣುವುದಿಲ್ಲ. ಯೋನಿಯನ್ನು ಅಗಲಿಸಿ ನೋಡುವ ಉದ್ದನೆಯ ಸ್ಪೆಕ್ಯುಲಮ್, ಸರಿಯಾದ ಪರೀಕ್ಷಾ ಮೇಜು, ಬೇಕಾದರೆ ಹೊಟ್ಟೆಯ ಮೇಲಿಂದ ಸ್ಕ್ಯಾನ್ ನೋಡಿಕೊಂಡು ಹಾಕುವ ಅನುಕೂಲ ಇದ್ದರೆ ಕೆಲಸ ಆಗುತ್ತದೆ. ಸ್ಪೆಕ್ಯುಲಮ್‌ನ ಅಂಚುಗಳ ಮೇಲೆ ತುದಿ ಕತ್ತರಿಸಿದ ಕಾಂಡೋಮನ್ನು ಏರಿಸಿದರೆ ಪಕ್ಕದ ಗೋಡೆಗಳು ಒಳಕ್ಕೆ ಬೀಳುವುದಿಲ್ಲ, ಖರ್ಚಿಲ್ಲದ ಈ ಉಪಾಯ ಹಳಬರಿಗೆಲ್ಲ ಗೊತ್ತು. ಸಿಸೇರಿಯನ್ ಆಗಿರುವುದು ಅಡ್ಡಿಯಲ್ಲ. ‘ನಿಮಗೆ ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ತಮ್ಮಲ್ಲಿ ಸಲಕರಣೆ ಇಲ್ಲ ಎಂಬುದು ಅದರ ಅರ್ಥ ಇರಬಹುದು. ಬೇರೆಡೆ ಹೋಗಿ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಸರ್ಕಾರ ‘ಅಂತರ’ ಎಂಬ ಹೆಸರಿನಲ್ಲಿ 2017ರಿಂದ ಉಚಿತವಾಗಿ ಕೊಡುತ್ತಿರುವ ಮೂರು ತಿಂಗಳ ಇಂಜೆಕ್ಷನ್ ಗರ್ಭ ತಡೆಯುವುದರಲ್ಲಿ ಗಟ್ಟಿ, ಆದರೆ ತೂಕ ಏರಿಸುವ ಗುಣ ಸ್ಪಷ್ಟವಾಗಿ ಕಂಡಿರುವ ಗರ್ಭನಿರೋಧಕ ಇದೊಂದೇ. ಒಂದು ಕೈಯಲ್ಲಿ ತೂಕ ಇಳಿಸುವ ಸೂಜಿ, ಇನ್ನೊಂದರಲ್ಲಿ ಏರಿಸುವ ಸೂಜಿ ಹಿಡಿಯುವುದು ನನಗೆ ಸರಿತೋರುವುದಿಲ್ಲ. ಬಿ.ಪಿ., ಶುಗರ್, ವಯಸ್ಸು ಹೀಗೆ ಹೃದಯದ ಅಪಾಯಗಳು ಹಲವು ಸೇರಿದವರಿಗೆ ಅದು ಮೂರನೇ ದರ್ಜೆಗೂ ಹೋಗುತ್ತದೆ. ‘ಛಾಯಾ’ ಎಂಬ ವಾರದ ಮಾತ್ರೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೊಡುಗೆ, ಅದರಲ್ಲಿ ಹಾರ್ಮೋನಿಲ್ಲ. ಎದೆಹಾಲೂಡಿಸುವ ತಾಯಂದಿರಿಗೆ ನಾನೇ ಅದನ್ನು ಸೂಚಿಸುತ್ತೇನೆ, ಆದರೆ ಪಿಸಿಒಎಸ್ ಇರುವವರಿಗೆ ಕೊಡಬಾರದೆಂದು ಅದರ ಸೂಚನೆಯಲ್ಲೇ ಇದೆ. ತೋಳಿನ ಚರ್ಮದಡಿ ಕೂರಿಸುವ ಇಂಪ್ಲಾಂಟ್ ತೂಕ ಹೆಚ್ಚಿದ್ದರೂ ಮೂರು ವರ್ಷ ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಅದು ಆಯ್ದ ಜಿಲ್ಲೆಗಳಲ್ಲಿ ಹಂತಹಂತವಾಗಿ ಬರುತ್ತಿದೆ, ನಿಮಗೆ ಸಿಕ್ಕುವಂತಿದ್ದರೆ ಅದೂ ಒಳ್ಳೆಯ ಆಯ್ಕೆಯೇ. ಪ್ರೊಜೆಸ್ಟೋಜನ್ ಮಾತ್ರ ಇರುವ ಮಾತ್ರೆಗೆ ಹೆಪ್ಪುಗಟ್ಟುವ ಭಯವಿಲ್ಲ, ಟಿರ್ಜೆಪಟೈಡ್‌ನ ತೊಡಕು ಮಾತ್ರ ಅದಕ್ಕೂ ಇದೆ. ತೂಕದ ಇಂಜೆಕ್ಷನ್ ಬಿಟ್ಟು, ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯತ್ತ ಮನಸ್ಸು ಹೊರಳಿದರೆ, ಅದಾದ ಒಂದರಿಂದ ಒಂದೂವರೆ ವರ್ಷ ಬಸಿರು ಕೂಡದು. ಹೊಟ್ಟೆಯ ಬೈಪಾಸ್ ಬಗೆಯದಾದರೆ ಮಾತ್ರೆಗಳು ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ, ಅಲ್ಲೂ ವಂಕಿಯೇ ಮೇಲು.

‘ಆಪರೇಷನ್ ಮಾಡಿಸಿಬಿಡು’ ಎಂಬ ಸಲಹೆಯೂ ನಿಮಗೆ ಬಂದಿರುತ್ತದೆ. ಕರ್ನಾಟಕದಲ್ಲಿ ಗರ್ಭನಿರೋಧಕವೆಂದರೆ ಹೆಂಗಸರ ಆಪರೇಷನ್ ಎಂಬಷ್ಟು ಅದು ರೂಢಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಅದನ್ನೇ ಆರಿಸಿಕೊಂಡಿದ್ದರು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಲು ಮುಂದಾದ ನಾಡಿದು, ಆಯ್ಕೆಯ ಮಾತು ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. ‘ಸದ್ಯಕ್ಕೆ ಬೇಡ’ ಎಂದು ಬರೆದಿದ್ದೀರಿ, ‘ಇನ್ನು ಬೇಡವೇ ಬೇಡ’ ಎಂದಲ್ಲ. ಹಾಗಾಗಿ ಶಾಶ್ವತ ವಿಧಾನದ ಚರ್ಚೆ ಈಗ ಸಲ್ಲದು. ಮುಂದೊಮ್ಮೆ ಹಾಗೆ ನಿರ್ಧರಿಸಿದರೆ, ಬೊಜ್ಜು ಇರುವಾಗ ಲ್ಯಾಪರೋಸ್ಕೋಪಿ ಮತ್ತು ಅರಿವಳಿಕೆ ಎರಡೂ ತುಸು ಕಷ್ಟವಾದ್ದರಿಂದ ನಿಮ್ಮ ಯಜಮಾನರಿಗೆ ಮಾಡುವ ಎನ್‌ಎಸ್‌ವಿ (ಗಂಡಸರ ಸಂತಾನಹರಣ ಆಪರೇಷನ್) ಹೆಚ್ಚು ಸರಳ. ಕತ್ತಿಯ ಗಾಯವಿಲ್ಲದೆ, ಜಾಗವನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸುವವರೆಗೆ ಕಾಂಡೋಮ್ ಬೇಕು.

ಇನ್ನು ನೀವು ಮಾಡಬೇಕಾದದ್ದು. ಇಂದಿನಿಂದ ಪ್ರತಿ ಬಾರಿಯೂ ಕಾಂಡೋಮ್ ಬಳಸಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದರಿಂದ ವಂಕಿ ಹಾಕುವ ಮೊದಲು ಬಸಿರಿಲ್ಲವೆಂದು ಖಚಿತವಾಗಬೇಕು, ಕೊನೆಯ ಬಾರಿ ರಕ್ಷಣೆಯಿಲ್ಲದೆ ಸೇರಿದ ದಿನದಿಂದ ಮೂರು ವಾರ ಕಳೆದ ಮೇಲೆ ಮಾಡಿದ ಮೂತ್ರ ಪರೀಕ್ಷೆಯಷ್ಟೇ ನಂಬಿಕೆಗೆ ಅರ್ಹ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಒಳಪದರದ ದಪ್ಪ ನೋಡಿಸಿ. ದಪ್ಪ ಹೆಚ್ಚಿದ್ದರೆ, ಅಥವಾ ನಡುನಡುವೆ ಕಾರಣವಿಲ್ಲದೆ ರಕ್ತ ಹೋಗುತ್ತಿದ್ದರೆ, ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದ ಮೇಲೆಯೇ ವಂಕಿಯ ವಿಚಾರ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿಕೊಂಡು ಹೋಗಿ. ಮುಟ್ಟಿನ ಮೊದಲ ಏಳು ದಿನಗಳ ಆಚೆಗೆ ಹಾರ್ಮೋನು ವಂಕಿ ಹಾಕಿದರೆ ನಂತರದ ಏಳು ದಿನ ಕಾಂಡೋಮ್ ಮುಂದುವರಿಸಿ. ತಾಮ್ರದ್ದಾದರೆ ಅಂದಿನಿಂದಲೇ ಕೆಲಸ ಶುರು. ಹಾಕಿಸಿ ನಾಲ್ಕರಿಂದ ಆರು ವಾರಗಳಾದ ಮೇಲೆ ಒಂದು ಸಲ ತೋರಿಸಿ ದಾರ ಸರಿಯಿದೆಯೇ ನೋಡಿಸಿಕೊಳ್ಳಿ. ಹಾಕಿದ ಮೊದಲ ಮೂರು ವಾರಗಳಲ್ಲಿ ಜ್ವರ, ಕೆಳಹೊಟ್ಟೆಯ ತೀವ್ರ ನೋವು, ದುರ್ವಾಸನೆಯ ಸ್ರಾವ ಕಂಡರೆ ಅದೇ ದಿನ ಹೋಗಿ. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಟಿರ್ಜೆಪಟೈಡ್ ಪೆನ್ನಿನ ಡಬ್ಬಿಯನ್ನೂ ಬರೆದುಕೊಟ್ಟ ಮಾತ್ರೆಯ ಚೀಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ಬಿ.ಪಿ. ನೋಡಲು ಕೂತಾಗ ದೊಡ್ಡ ಪಟ್ಟಿ ತರಿಸಿ ಎಂದು ಸಂಕೋಚವಿಲ್ಲದೆ ಕೇಳಿ.